ಕಾರು ವಿಮೆ: ಶಿವಮೊಗ್ಗದ ಶಾಖೆಯೋ, ಆನ್‌ಲೈನ್ ಕಂಪನಿಯೋ?

ಪ್ರಶ್ನೆ (ತೀರ್ಥಹಳ್ಳಿಯಿಂದ): ಮಾನ್ಯರೇ, ನನ್ನ ಕಾರಿನ ವಿಮೆ ಮುಂದಿನ ತಿಂಗಳು ಮುಗಿಯುತ್ತದೆ. ಶಿವಮೊಗ್ಗದಲ್ಲಿ ಶಾಖೆಯಿರುವ ಸರ್ಕಾರಿ ಕಂಪನಿಯಲ್ಲಿ ಪರಿಚಯದ ಏಜೆಂಟರ ಮೂಲಕ ಈವರೆಗೆ ಮಾಡಿಸುತ್ತಿದ್ದೆ. ಅಲ್ಲಿಯೇ ಮುಂದುವರಿಯಬೇಕೇ, ಅಥವಾ ಕಂತು ಕಡಿಮೆಯಿರುವ ಆನ್‌ಲೈನ್ ಕಂಪನಿಗೆ ಬದಲಾಯಿಸಬೇಕೇ?

ಉತ್ತರ 1: ಊರಿನದೆನ್ನುವುದು ಶಾಖೆ ಮತ್ತು ಏಜೆಂಟರು ಮಾತ್ರ, ಎರಡೂ ಕಂಪನಿಗಳು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಯಂತ್ರಣಕ್ಕೆ ಒಳಪಟ್ಟವೇ. ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಇತರರಿಗಾಗುವ ಹಾನಿಯ ವಿಮೆಯ ಕಂತನ್ನು ಸರ್ಕಾರವೇ ನಿಗದಿಪಡಿಸುವುದರಿಂದ ಅದರಲ್ಲಿ ವ್ಯತ್ಯಾಸವಿಲ್ಲ. ಅಗ್ಗವಾಗಿ ಕಾಣುವುದು ನಿಮ್ಮ ಕಾರಿಗೇ ಆಗುವ ಸ್ವಂತ ಹಾನಿಯ ಭಾಗ, ಅದೂ ಕೆಲವೊಮ್ಮೆ ಕಾರಿನ ಘೋಷಿತ ಮೌಲ್ಯವನ್ನು, ಅಂದರೆ ಐಡಿವಿಯನ್ನು ಇಳಿಸಿದ್ದರಿಂದ. ಆದ್ದರಿಂದ ಒಂದೇ ಐಡಿವಿಯಿಟ್ಟು ಎರಡನ್ನೂ ಹೋಲಿಸಿರಿ.

ಉತ್ತರ 2 (ಹೊಸನಗರದಿಂದ): ನಮ್ಮ ಕಡೆಯ ಮಳೆಗಾಲವನ್ನು ಮರೆಯಬೇಡಿ. ಸಮಗ್ರ ವಿಮೆಯಲ್ಲಿ ಪ್ರವಾಹ, ಭೂಕುಸಿತಗಳ ಹಾನಿ ಸೇರಿರುತ್ತದೆಯಾದರೂ, ನೀರು ತುಂಬಿದ ರಸ್ತೆಯಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಸೌಲಭ್ಯವಿಲ್ಲದಿದ್ದಾಗ ಪರಿಹಾರ ಸಾಮಾನ್ಯವಾಗಿ ಸಿಗುವುದಿಲ್ಲ. ದುರಸ್ತಿಯ ಹಣವನ್ನು ಕಂಪನಿಯೇ ನೇರವಾಗಿ ಕೊಡುವ ಕ್ಯಾಶ್‌ಲೆಸ್ ಗ್ಯಾರೇಜು ಎಷ್ಟು ದೂರವೆಂಬುದನ್ನೂ ಕೇಳಿರಿ. ನನಗಂತೂ ಕ್ಲೇಮಿನ ದಿನ ಫೋನೆತ್ತುವ ಏಜೆಂಟರೇ ಮೇಲೆನಿಸಿದೆ.

ಉತ್ತರ 3: ಕಂಪನಿ ಬದಲಿಸಿದರೂ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದುದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ, ನಿಮ್ಮೊಂದಿಗೇ ಬರುತ್ತದೆ, ಆದರೆ ಅವಧಿ ಮುಗಿದು 90 ದಿನ ಮೀರಿದರೆ ಅದು ಹೋಗುತ್ತದೆ.