ಸಹಾಯ ಬೇಕು: ಅವಧಿಗೆ ಮೊದಲೇ ಹುಟ್ಟಿದ ಮಗು ವೆಂಟಿಲೇಟರ್‌ನಲ್ಲಿದೆ, ತಿಳಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಗದಗದಲ್ಲಿ 30 ವಾರಕ್ಕೇ ಹೆರಿಗೆ ಆಯ್ತು. ಮಗು ಈಗ ಹುಬ್ಬಳ್ಳಿಯ ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ಶ್ವಾಸಕೋಶ ಇನ್ನೂ ಬಲಿತಿಲ್ಲ ಅಂದರು.

ಮೊದಲು ಸಿ-ಪ್ಯಾಪ್ ಹಾಕಿದ್ದರು. ಮೂಗಿಗೆ ಸಣ್ಣ ನಳಿಕೆ. ಉಸಿರು ಮಗುವೇ ಎಳೆಯಬೇಕು, ಗಾಳಿಚೀಲ ಮುದುಡದಂತೆ ಒತ್ತಡ ಮಾತ್ರ ಅದು ಕೊಡುತ್ತದೆ. ಅಷ್ಟು ಸಾಲಲಿಲ್ಲ. ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು, ಪ್ರತಿ ಉಸಿರಿಗೂ ನರಳುವ ಸದ್ದು. ಆಮೇಲೆ ಟ್ಯೂಬ್ ಇಳಿಸಿ, ಗಾಳಿಚೀಲ ಮುದುಡದಂತೆ ತಡೆಯುವ ಸರ್ಫ್ಯಾಕ್ಟಂಟ್ ಔಷಧಿ ಕೊಟ್ಟು, ವೆಂಟಿಲೇಟರ್‌ಗೆ ಹಾಕಿದರು. ಬೇಕಾದರೆ ಎಚ್‌ಎಫ್‌ಓವಿ ಎಂಬ ಬೇರೆ ಬಗೆಯ ವೆಂಟಿಲೇಟರ್ ಚಿಕಿತ್ಸೆ ಅಂತಿದ್ದಾರೆ. ಅದರಲ್ಲಿ ನಿಮಿಷಕ್ಕೆ 600ರಷ್ಟು ಪುಟ್ಟ ಪುಟ್ಟ ಕಂಪನ, ಎದೆ ನಡುಗುತ್ತಲೇ ಇರುತ್ತದಂತೆ. ಇದನ್ನು ಕೇಳಿ ತಂಗಿ ಕುಸಿದೇ ಬಿಟ್ಟಳು.

ಡಾಕ್ಟರ್ ಮೇಲೆ ನಂಬಿಕೆ ಇದೆ, ತೀರ್ಮಾನ ಅವರದೇ. ಆದರೆ ರೌಂಡ್ಸ್‌ನಲ್ಲಿ ಸಿಗುವ ಎರಡು ನಿಮಿಷದಲ್ಲಿ ಏನು ಕೇಳಬೇಕು ಅಂತ ಹೊಳೆಯಲ್ಲ. ಪ್ರತಿ ಉಸಿರಿಗೂ ಇಷ್ಟೇ ಗಾಳಿ ಅಂತ ಅಳೆದು ಕೊಡುವ ವಾಲ್ಯೂಮ್ ಗ್ಯಾರಂಟಿ ಮೋಡ್ ಇದೆಯಲ್ವಾ, ಎಚ್‌ಎಫ್‌ಓವಿಗೆ ಮೊದಲು ಅದನ್ನು ನೋಡುತ್ತಾರಾ? ಟ್ಯೂಬ್ ತೆಗೆದ ಮೇಲೆ ಮತ್ತೆ ಸಿ-ಪ್ಯಾಪ್ ಹಾಕುತ್ತಾರಾ?

ಧಾರವಾಡ, ಹಾವೇರಿ ಕಡೆ ಇದನ್ನು ದಾಟಿ ಬಂದ ತಾಯಂದಿರು ಇದ್ದರೆ ತಂಗಿ ಜೊತೆ ಒಮ್ಮೆ ಮಾತಾಡ್ತೀರಾ? ಎನ್‌ಐಸಿಯು ನರ್ಸ್ ಯಾರಾದರೂ ಇದ್ದರೆ ಇನ್ನೂ ಒಳ್ಳೇದು. ಮನೆಮದ್ದಿನ ಸಲಹೆ ಮಾತ್ರ ದಯವಿಟ್ಟು ಬೇಡ.