ತಾಮ್ರದ ವೈರಿನ ದರ ಏರಿದೆ. ಒಪ್ಪಿಗೆಯಾದ ಕೊಟೇಶನ್ನಿನ ಮೇಲೆ ಹೆಚ್ಚುವರಿ ಕೇಳಬಹುದೇ?

ಬೆಣ್ಣೆನಗರಿ ವೈರಿಂಗ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಮನೆಗಳ ವೈರಿಂಗ್ ಕೆಲಸವನ್ನು ಸಾಮಾನು ಸಮೇತ ಗುತ್ತಿಗೆ ಹಿಡಿದು ಮಾಡುತ್ತೇನೆ. ಮೂರು ಅಂತಸ್ತಿನ ಒಂದು ಮನೆಗೆ ಸಾಮಾನು, ಕೂಲಿ ಎರಡೂ ಸೇರಿ, ಜಿಎಸ್‌ಟಿ ಬಿಟ್ಟು, 6,40,000 ರೂಪಾಯಿಯ ಕೊಟೇಶನ್ ಕೊಟ್ಟಿದ್ದೆ. ಅದರ ಕೆಳಗೆ ‘ಈ ದರ 15 ದಿನ ಮಾತ್ರ’ ಎಂದು ಬರೆದಿದ್ದೆ. ಮಾಲೀಕರು ಹತ್ತನೆಯ ದಿನವೇ ಒಪ್ಪಿ, 30 ಪರ್ಸೆಂಟಿನಂತೆ 1,92,000 ಅಡ್ವಾನ್ಸ್ ಕೊಟ್ಟರು.

ಇದರಲ್ಲಿ ವೈರಿನ ಖರೀದಿಯೇ 1,50,000. ಅದರ ಮೇಲೆ ನನ್ನ 12 ಪರ್ಸೆಂಟ್ ಹಾಕಿದ್ದೇನೆ. ಕೆಳ ಅಂತಸ್ತಿನ 50,000 ರೂಪಾಯಿಯ ವೈರನ್ನು ಹಳೆಯ ದರದಲ್ಲೇ ತಂದಾಗಿದೆ. ಉಳಿದ ಒಂದು ಲಕ್ಷದ್ದೇ ಈಗಿನ ತೊಂದರೆ. ನಮ್ಮ ಡೀಲರ್ ದರ ಏರಿಸಿದ್ದೇನೆಂದು ಬಾಯಿಬಿಟ್ಟು ಹೇಳುವುದಿಲ್ಲ. ಲಿಸ್ಟ್ ಪ್ರೈಸ್ 4,000 ಇದ್ದ 90 ಮೀಟರಿನ ಕಾಯಿಲ್ ಮೇಲೆ 40 ಪರ್ಸೆಂಟ್ ಡಿಸ್ಕೌಂಟ್ ಇತ್ತು, ಅಂದರೆ 2,400ಕ್ಕೆ ಕೈಸೇರುತ್ತಿತ್ತು. ಮೊದಲು ಡಿಸ್ಕೌಂಟ್ 33ಕ್ಕೆ ಇಳಿಯಿತು, ಕೆಲವು ವಾರಗಳ ಮೇಲೆ ಹೊಸ ಲಿಸ್ಟ್ ಬಂದು 4,000 ಇದ್ದದ್ದು 4,320 ಆಯಿತು. ಈಗ ಅದೇ ಕಾಯಿಲ್ 2,894. ‘ಏಳೇ ಪರ್ಸೆಂಟ್ ಕಡಿಮೆ ಮಾಡಿದ್ದು’ ಎನ್ನುವ ಅವರ ಮಾತು ಕೇಳಲು ಸಣ್ಣದಾದರೂ, ನನ್ನ ಜೇಬಿನಿಂದ ಹೋಗುವ ಹಣದಲ್ಲಿ ಅದೊಂದೇ 11.7 ಪರ್ಸೆಂಟ್ ಏರಿಕೆ. ಲಿಸ್ಟಿನ ಏರಿಕೆಯೂ ಸೇರಿದರೆ 20.6. ಬೇರೆ ಅಳತೆಯ ವೈರಿಗೂ ಇದೇ ಲೆಕ್ಕ. ಹಾಗಾಗಿ 20,600 ರೂಪಾಯಿ ಹೆಚ್ಚು ಬೀಳುತ್ತದೆ. ಈ ಕೆಲಸದಲ್ಲಿ ನಾನು ನೆಚ್ಚಿಕೊಂಡಿದ್ದ ಲಾಭವೇ ಸುಮಾರು 60,000.

ಈ ಹಣವನ್ನು ಮಾಲೀಕರಲ್ಲಿ ಕೇಳುವ ಹಕ್ಕು ನನಗಿದೆಯೇ? ಕೇಳಿದರೆ ಏರಿಕೆಯ ಮೇಲೂ ನನ್ನ 12 ಪರ್ಸೆಂಟ್ ಹಾಕಬಹುದೇ? ತಿಳಿದವರು ದಯವಿಟ್ಟು ಹೇಳಿ.

ಲೆಕ್ಕಪತ್ರ:

ಹಕ್ಕಿನ ಮಟ್ಟಿಗೆ ಹೇಳುವುದಾದರೆ, ಇಲ್ಲ. ‘15 ದಿನ ಮಾತ್ರ’ ಎಂಬ ಸಾಲು ಒಪ್ಪಿಗೆ ಕೊಡುವುದಕ್ಕೆ ನೀವು ಇಟ್ಟ ಗಡುವೇ ಹೊರತು, ಒಪ್ಪಿಗೆಯಾದ ಮೇಲೆ ದರ ಬದಲಿಸಲು ಸಿಕ್ಕ ಅನುಮತಿಯಲ್ಲ. ಗಡುವಿನೊಳಗೆ ಅವರು ಒಪ್ಪಿ ಹಣವನ್ನೂ ಕೊಟ್ಟಿರುವುದರಿಂದ 6,40,000 ಎನ್ನುವುದು ಕರಾರಾಗಿಬಿಟ್ಟಿದೆ. ಬೆಲೆ ಏರಿತೆಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1960ರಲ್ಲೇ ಅಲೋಪಿ ಪರ್ಷಾದ್ ಪ್ರಕರಣದಲ್ಲಿ ಹೇಳಿದೆ. ಅದು ಸೇನೆಗೆ ತುಪ್ಪ ಒದಗಿಸುವ ವ್ಯವಹಾರ. ಬೆಣ್ಣೆನಗರಿಯವರಿಗೆ ನೆನಪಿಟ್ಟುಕೊಳ್ಳಲು ಸುಲಭ. ಅಲ್ಲಿ ಮಹಾಯುದ್ಧದ ಕಾಲದ ಪರಿಸ್ಥಿತಿಯೇ ಸಾಲದೆ ಹೋಯಿತು, ಡೀಲರಿನ ಡಿಸ್ಕೌಂಟ್ ಇಳಿದದ್ದು ಹೇಗೆ ಸಾಕಾದೀತು?

ತೆರಿಗೆಯೇ ಬದಲಾದರೆ ಮಾತು ಬೇರೆ. ಸರಕು ಮಾರಾಟ ಕಾಯ್ದೆಯ 64ಎ ಕಲಮಿನಂತೆ, ಕರಾರಾದ ಮೇಲೆ ತೆರಿಗೆ ಹೆಚ್ಚಿದರೆ ಮಾರುವವರು ಅದನ್ನು ಸೇರಿಸಿಕೊಳ್ಳಬಹುದು, ಇಳಿದರೆ ಕೊಳ್ಳುವವರು ಅಷ್ಟನ್ನು ಕಳೆಯಬಹುದು. ಕರಾರಿನಲ್ಲಿ ಬೇರೆ ರೀತಿ ಬರೆದಿರಬಾರದು, ಅಷ್ಟೆ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ಕೇಳಬೇಕಾಗಿದ್ದದ್ದು ಈ ಪ್ರಶ್ನೆ. ನಿಮ್ಮದು ತೆರಿಗೆಯ ಏರಿಕೆಯಲ್ಲ, ಮಾಲಿನದು.

ಆದರೆ ಇಬ್ಬರೂ ಒಪ್ಪಿ ಕರಾರನ್ನು ತಿದ್ದಿಕೊಳ್ಳಲು ಕರಾರು ಕಾಯ್ದೆಯ 62ನೆಯ ಕಲಮು ದಾರಿ ಕೊಡುತ್ತದೆ. ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮೇಲಿನ ಅಂತಸ್ತುಗಳ ಬಿಲ್ಲು ಇನ್ನೂ ಆಗಿಲ್ಲದಿದ್ದರೆ ಹೊಸ ಮೊತ್ತಕ್ಕೇ ಬಿಲ್ಲು ಮಾಡಿ. ಆಗಿದ್ದರೆ ವ್ಯತ್ಯಾಸಕ್ಕೆ ಡೆಬಿಟ್ ನೋಟ್ ಕೊಡಿ. ಹೆಚ್ಚುವರಿ ಹಣಕ್ಕೂ 18 ಪರ್ಸೆಂಟ್ ಜಿಎಸ್‌ಟಿ ಇದೆ ಎಂಬುದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಹಳೇ ಹುಬ್ಬಳ್ಳಿ:

ಕಾನೂನಿನ ಮಾತನ್ನು ಮೇಲಿನವರು ಸರಿಯಾಗಿಯೇ ಹೇಳಿದ್ದಾರೆ. ನಾನು ಕೇಳುವುದು ಇನ್ನೊಂದು. ಕೈಯಲ್ಲಿ 1,92,000 ಅಡ್ವಾನ್ಸ್ ಇದ್ದಾಗ ಪೂರ್ತಿ ವೈರನ್ನು ಅಂದೇ ಏಕೆ ತರಲಿಲ್ಲ? ಉತ್ತರ ನನಗೂ ಗೊತ್ತು: ಸ್ಲ್ಯಾಬ್ ಹಾಕುವಾಗ ಪೈಪು ಕೂರಿಸುತ್ತೇವೆ, ವೈರು ಎಳೆಯುವುದು ಪ್ಲಾಸ್ಟರಿಂಗ್ ಮುಗಿದ ಮೇಲೆ, ಅಲ್ಲಿಯ ತನಕ ತಾಮ್ರವನ್ನು ಬಾಗಿಲಿಲ್ಲದ ಮನೆಯಲ್ಲಿಟ್ಟರೆ ಬೆಳಿಗ್ಗೆ ಖಾಲಿ ಡಬ್ಬಿಗಳಷ್ಟೇ ಸಿಗುತ್ತವೆ. ಆದರೂ ಡೀಲರಿಗೆ ಹಣ ಕಟ್ಟಿ, ದರ ಬರೆಸಿಕೊಂಡು, ಮಾಲನ್ನು ಅವರ ಗೋಡೌನಿನಲ್ಲೇ ಬಿಡಬಹುದಾಗಿತ್ತು. ಮಾಲೀಕರು ಇದನ್ನೇ ಕೇಳಿದರೆ ಏನು ಹೇಳುತ್ತೀರಿ ಎಂದು ಯೋಚಿಸಿಕೊಂಡು ಹೋಗಿ.

ತಡ ಯಾರಿಂದ ಆಯಿತು ಎಂಬುದನ್ನೂ ನೀವು ಬರೆದಿಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕರಾರಿನಲ್ಲಿ 10ಸಿಎ ಎಂಬ ಷರತ್ತಿದೆ. ಅಲ್ಲಿ ಸಿಮೆಂಟ್, ಸ್ಟೀಲ್ ಮುಂತಾದವಕ್ಕೆ ಮೂಲದರವನ್ನು ಮೊದಲೇ ಬರೆದಿಡುತ್ತಾರೆ; ಏರಿದರೆ ಗುತ್ತಿಗೆದಾರನಿಗೆ ಸಿಗುತ್ತದೆ, ಇಳಿದರೆ ಮುರಿದುಕೊಳ್ಳುತ್ತಾರೆ, ಗುತ್ತಿಗೆದಾರ ತಾನೇ ತಡಮಾಡಿದ ಅವಧಿಯ ಏರಿಕೆ ಅವನ ತಲೆಗೇ. ಸಣ್ಣ ಮನೆ ಕೆಲಸಕ್ಕೂ ನಾನು ಇದನ್ನೇ ಎರಡು ಸಾಲಿನಲ್ಲಿ ಬರೆಯುತ್ತೇನೆ: ‘ವೈರಿನ ಮೂಲದರ ಕಾಯಿಲಿಗೆ ಇಂತಿಷ್ಟು, ಡೀಲರಿನ ಇಂಥ ತಾರೀಖಿನ ಬಿಲ್ಲಿನಂತೆ. ಖರೀದಿಯ ದಿನ ದರವು 5 ಪರ್ಸೆಂಟಿಗಿಂತ ಹೆಚ್ಚು ಏರಿದ್ದರೆ ಅಥವಾ ಇಳಿದಿದ್ದರೆ, ಆ ವ್ಯತ್ಯಾಸವನ್ನು ಮಾತ್ರ ಕೂಡಿಸುವುದು ಅಥವಾ ಕಳೆಯುವುದು.’ ‘ದರಗಳು ಬದಲಾಗಬಹುದು’ ಎಂದಷ್ಟೇ ಬರೆದರೆ ಜಗಳಕ್ಕೆ ಕರೆದಂತೆ.

ಇನ್ನು 12 ಪರ್ಸೆಂಟಿನ ವಿಚಾರ. ಏರಿಕೆಯ ಮೇಲೆ ಅದನ್ನು ಹಾಕಿದರೆ 2,472 ಬರುತ್ತದೆ. ಬಿಟ್ಟುಬಿಡಿ. ನಿಮ್ಮ 12ರೊಳಗೆ ದರ ಏರಬಹುದೆಂಬ ಭಯದ ಬೆಲೆಯೂ ಸೇರಿತ್ತು. ಆ ಭಯವನ್ನೇ ಮಾಲೀಕರ ಹೆಗಲಿಗೆ ದಾಟಿಸಿದ ಮೇಲೆ ಅದರ ಬೆಲೆಯನ್ನೂ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಮೈಸೂರಿನ ಮನೆಯೊಡತಿ:

ನಾನು ಹಣ ಕೊಡುವ ಕಡೆಯವಳು. ನಮ್ಮ ಮನೆಯ ಮರಗೆಲಸದವರು ಪ್ಲೈವುಡ್ ದರ ಏರಿದ್ದನ್ನು ಕೊನೆಯ ಬಿಲ್ಲಿನಲ್ಲಿ ‘ಹೆಚ್ಚುವರಿ ಸಾಮಾನು 34,000’ ಎಂದು ಒಂದೇ ಸಾಲಿನಲ್ಲಿ ಬರೆದು ಕೊಟ್ಟಿದ್ದರು. ಹಾಳೆಯೊಂದಕ್ಕೆ ಹಳೆಯ ದರ ಎಷ್ಟು, ಹೊಸದೆಷ್ಟು, ಎಷ್ಟು ಹಾಳೆ ಬಂದವು ಎಂಬ ಯಾವ ವಿವರವೂ ಇರಲಿಲ್ಲ. ತರುವ ಮೊದಲೇ ಹೇಳಿದ್ದರೆ ಅಟ್ಟದ ಕಪಾಟನ್ನು ಕೈಬಿಡುತ್ತಿದ್ದೆ, ಇಲ್ಲವೇ ನಾನೇ ಎರಡು ಅಂಗಡಿಯಲ್ಲಿ ವಿಚಾರಿಸುತ್ತಿದ್ದೆ. ಆದ್ದರಿಂದ ತಾವು ವೈರು ತರುವ ಮುಂಚೆಯೇ ಹೋಗಿ. ಕೆಳ ಅಂತಸ್ತಿನ ಬಿಲ್ಲು ಮತ್ತು ಇಂದಿನ ದರಪಟ್ಟಿ ಎರಡನ್ನೂ ಮೇಜಿನ ಮೇಲಿಡಿ. ಮಾಲೀಕರೇ ವೈರನ್ನು ನೇರವಾಗಿ ಕೊಂಡುಕೊಳ್ಳುವ ಅವಕಾಶವನ್ನೂ ಕೊಡಿ.

ಬೆಣ್ಣೆನಗರಿ ವೈರಿಂಗ್:

ಎಲ್ಲರಿಗೂ ಧನ್ಯವಾದಗಳು. ಹುಬ್ಬಳ್ಳಿಯವರ ಪ್ರಶ್ನೆ ಓದಿದ ಮೇಲೆ ಹಳೆಯ ವಾಟ್ಸಾಪ್ ಸಂದೇಶಗಳನ್ನು ತೆಗೆದು ತಾರೀಖು ನೋಡಿದೆ. ಮಾಲೀಕರ ಬ್ಯಾಂಕ್ ಸಾಲದ ಕಂತು ತಡವಾದದ್ದರಿಂದ ಮೇಲಿನ ಅಂತಸ್ತುಗಳ ಪ್ಲಾಸ್ಟರಿಂಗ್ ಸುಮಾರು ಎರಡು ತಿಂಗಳು ಮುಂದಕ್ಕೆ ಹೋಗಿತ್ತು. ಡಿಸ್ಕೌಂಟ್ ಇಳಿದದ್ದು ಮೊದಲು ನಿಗದಿಯಾಗಿದ್ದ ದಿನಕ್ಕಿಂತ ಹಿಂದೆ. ಹೊಸ ಲಿಸ್ಟ್ ಬಂದದ್ದು ಆ ದಿನದ ನಂತರ. ಅಂದರೆ 11,667 ನಾನು ಕಾಯ್ದಿರಿಸದೆ ಮಾಡಿಕೊಂಡ ನಷ್ಟ, 8,933 ಅವರ ತಡದಿಂದ ಬಂದದ್ದು.

ನಿನ್ನೆ ಸಂಜೆ ಹಳೆಯ ಬಿಲ್ಲು, ಹೊಸ ದರಪಟ್ಟಿ ಎರಡನ್ನೂ ಹಿಡಿದು ಹೋಗಿ ಹೀಗೆಯೇ ಬಿಡಿಸಿ ಹೇಳಿದೆ. ಅವರು ಮೊದಲು ಡೀಲರಿಗೆ ತಾವೇ ಫೋನ್ ಮಾಡಿ ದರ ಕೇಳಿದರು. 31 ಪರ್ಸೆಂಟಿಗಿಂತ ಹೆಚ್ಚು ಡಿಸ್ಕೌಂಟ್ ಅವರಿಗೆ ಸಿಗಲಿಲ್ಲ. ಆಮೇಲೆ 8,933 ಮತ್ತು ಅದರ ಜಿಎಸ್‌ಟಿ 1,608, ಒಟ್ಟು 10,541 ಕೊಡಲು ಒಪ್ಪಿ, ಕೊಟೇಶನ್ನಿನ ಪ್ರತಿಯ ಹಿಂದೆಯೇ ಬರೆದು ಸಹಿ ಹಾಕಿದರು. 12 ಪರ್ಸೆಂಟನ್ನು ನಾನು ಕೇಳಲಿಲ್ಲ. ಇಂದು ಬೆಳಿಗ್ಗೆ ಉಳಿದ ಅಷ್ಟೂ ಕಾಯಿಲಿಗೆ ಹಣ ಕಟ್ಟಿದ್ದೇನೆ, ಮಾಲು ಡೀಲರಿನ ಗೋಡೌನಿನಲ್ಲಿದೆ.