ಸಂಜೆ ಆದ್ರೆ ಅಮ್ಮನ ಕಾಲು ಬಾತ್ಕೊಳ್ಳುತ್ತೆ, ಬಾರ್ಲಿ ನೀರು, ಕೊಮ್ಮೆ ಕಷಾಯ ಕೊಡಬಹುದಾ?

ಮಲ್ಲಿಗೆಮೊಗ್ಗು:
ಅಮ್ಮಂಗೆ 62 ವರ್ಷ, ಬೆಳಿಗ್ಗೆ ಎದ್ದಾಗ ಏನೂ ಇರಲ್ಲ, ಸಂಜೆ ಹೊತ್ತಿಗೆ ಎರಡೂ ಪಾದ ಊದ್ಕೊಂಡು ಚಪ್ಪಲಿ ಪಟ್ಟಿ ಅಚ್ಚು ಬಿದ್ದಿರುತ್ತೆ, ಹೆಬ್ಬೆರಳಲ್ಲಿ ಒತ್ತಿದ್ರೆ ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಇರುತ್ತೆ. ಚಿಕ್ಕಮ್ಮ ಬಾರ್ಲಿ ನೀರು ಅಂತಾರೆ, ಪಕ್ಕದ್ಮನೆ ಆಂಟಿ ಕೊಮ್ಮೆ ಬೇರು ಅಂತಾರೆ, ಯೂಟ್ಯೂಬಲ್ಲಿ ನೋಡಿದ್ರೆ ಕೊರಿಯಾದವ್ರು ಮೆಕ್ಕೆಜೋಳದ ತೆನೆ ಕೂದಲು ಕುದಿಸಿ ಟೀ ಥರ ಕುಡೀತಾರೆ. ಯಾವ್ದು ಒಳ್ಳೇದು? ಬಿಪಿ ಮಾತ್ರೆ ಬಿಟ್ರೆ ಬೇರೆ ಏನೂ ತಗೊಳಲ್ಲ, ಶುಗರ್ ಇಲ್ಲ.

ಕಷಾಯಪ್ರಿಯ:
ಕೊಮ್ಮೆ ಅಂದ್ರೆ ಪುನರ್ನವ, ಆಯುರ್ವೇದದಲ್ಲಿ ಊತಕ್ಕೆ ಮೊದ್ಲು ನೆನಪಾಗೋದೇ ಅದು, ಜೊತೆಗೆ ನೆಗ್ಗಿಲು ಮುಳ್ಳು. ಎರಡೂ ಮೂತ್ರ ಜಾಸ್ತಿ ಮಾಡ್ತವೆ ಅಂತಾನೇ ಕೊಡೋದು. ಇಂಡೋನೇಷ್ಯಾದಲ್ಲಿ ಕುಮಿಸ್ ಕುಚಿಂಗ್ ಅನ್ನೋ ಎಲೆ, ಚೀನಾದಲ್ಲಿ ಫೂಲಿಂಗ್ ಅನ್ನೋ ಅಣಬೆ ಜಾತಿದು, ಎಲ್ಲಾ ಕಡೆ ಇದೇ ಲೆಕ್ಕಾಚಾರ. ಒಂದು ಎಚ್ಚರ, ಪುನರ್ನವ ಅಂತ ಪುಡಿ ಮಾಡಿ ಮಾರೋದ್ರಲ್ಲಿ ಬೇರೆ ಗಿಡಾನೂ ಸೇರಿರುತ್ತೆ, ಬೇರು ನೋಡಿ ಗುರುತು ಹಿಡಿಯೋರ ಹತ್ರ ತಗೊಳ್ಳಿ.

ಮಾತ್ರೆಡಬ್ಬಿ:
ಗಿಡಮೂಲಿಕೆ ಆಮೇಲೆ ನೋಡೋಣ, ಬಿಪಿ ಮಾತ್ರೆ ಹೆಸರೇನು ಹೇಳಿ. ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಇರುತ್ತಲ್ಲ, ಅದು.

ಮಲ್ಲಿಗೆಮೊಗ್ಗು:
ಅಮ್ಲೋಡಿಪಿನ್ 10 ಅಂತಿದೆ. ಮೊದ್ಲು 5 ಇತ್ತು, ಜಾಸ್ತಿ ಮಾಡಿದ್ರು.

ಮಾತ್ರೆಡಬ್ಬಿ:
ಅನುಮಾನ ಅದ್ರ ಮೇಲೇ. ಆ ಮಾತ್ರೆಗೆ ಪಾದ ಊದೋದು ತುಂಬಾ ಮಾಮೂಲಿ, ಡೋಸ್ ಏರಿದ ಹಾಗೆ ಊತಾನೂ ಏರುತ್ತೆ. ಮೈಯಲ್ಲಿ ನೀರು ಜಾಸ್ತಿ ಆಗಿ ಬರೋ ಊತ ಅಲ್ಲ ಅದು, ಸಣ್ಣ ರಕ್ತನಾಳ ಹಿಗ್ಗಿ ಒತ್ತಡ ಹೆಚ್ಚಾಗಿ ನೀರು ಹೊರಗೆ ಒಸರಿ ಕಾಲಲ್ಲಿ ಇಳಿಯೋದು. ಹಾಗಾಗಿ ಮೂತ್ರ ಹೋಗಿಸೋ ಮಾತ್ರೇನೂ ಅದಕ್ಕೆ ಅಷ್ಟಾಗಿ ಕೆಲಸ ಮಾಡಲ್ಲ, ಇನ್ನು ಕಷಾಯ ಎಲ್ಲಿ ಮಾಡುತ್ತೆ. ನೀವಾಗೇ ನಿಲ್ಲಿಸ್ಬೇಡಿ, ಡಾಕ್ಟರಿಗೆ ತೋರಿಸಿ, ಡೋಸ್ ಇಳಿಸ್ತಾರೆ ಇಲ್ಲಾ ಟೆಲ್ಮಿಸಾರ್ಟನ್ ಥರದ ಇನ್ನೊಂದು ಬಿಪಿ ಮಾತ್ರೆ ಸೇರಿಸ್ತಾರೆ. ಸೇರಿಸಿದ್ರೆ ಕೊಮ್ಮೆ, ಕುಮಿಸ್ ಕುಚಿಂಗ್ ಎರಡೂ ಬೇಡ, ಅವುಗಳಲ್ಲಿ ಪೊಟ್ಯಾಸಿಯಂ ಇದೆ, ಟೆಲ್ಮಿಸಾರ್ಟನ್ನೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತೆ, ಎರಡೂ ಸೇರಿ ಅತಿಯಾಗ್ಬಹುದು. ಕಿಡ್ನಿ, ಥೈರಾಯ್ಡ್ ಟೆಸ್ಟೂ ಒಮ್ಮೆ ಮಾಡಿಸ್ಬಿಡಿ.

ಹಳೇಬೇರು:
ಮೇಲಿನವ್ರು ಹೇಳಿದ್ದು ಸರಿ. ನಾನು ಹೇಳೋದು ರೆಡಿ ಕಷಾಯದ ಪುಡಿ ಬಗ್ಗೆ. ಅದ್ರಲ್ಲಿ ಜೇಷ್ಠಮಧು ಇದ್ರೆ ಉಲ್ಟಾ ಹೊಡೆಯುತ್ತೆ, ರೋಜು ಕುಡಿದ್ರೆ ಅದು ಮೈಯಲ್ಲಿ ಉಪ್ಪು ನೀರು ಹಿಡಿದಿಟ್ಟು ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತೆ, ಕೆಮ್ಮಿಗೆ ಎರಡು ದಿನ ಕುಡಿಯೋದು ಬೇರೆ ಮಾತು. ಬೆಲ್ಜಿಯಂನಲ್ಲಿ 1990ರ ದಶಕದ ಶುರುವಲ್ಲಿ ತೂಕ ಇಳಿಸೋ ಮಾತ್ರೆಗೆ ಒಂದು ಚೀನೀ ಬೇರಿನ ಬದಲು ಅರಿಸ್ಟೊಲೋಕಿಯಾ ಜಾತಿ ಬೇರು ಸೇರಿಹೋಗಿ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯ್ತು. ನಮ್ಮ ಈಶ್ವರಿ ಬಳ್ಳಿನೂ ಅದೇ ಕುಲದ್ದು, ಯಾರಾದ್ರೂ ಕೊಟ್ರೆ ಬೇಡ ಅನ್ನಿ.

ಮಲ್ಲಿಗೆಮೊಗ್ಗು:
ಅಯ್ಯೋ, ಮಾತ್ರೆ ಬಗ್ಗೆ ಯಾರೂ ಹೇಳಿರ್ಲಿಲ್ಲ! ಸೋಮವಾರ ಕರ್ಕೊಂಡು ಹೋಗ್ತೀನಿ. ಅಲ್ಲಿವರೆಗೆ ಬಾರ್ಲಿ ನೀರು ಕೊಡ್ಲಾ?

ಮಾತ್ರೆಡಬ್ಬಿ:
ಕೊಡಿ, ತೊಂದರೆ ಇಲ್ಲ, ಊತ ಅದ್ರಿಂದ ಇಳಿಯುತ್ತೆ ಅಂತ ಮಾತ್ರ ಕಾಯ್ಬೇಡಿ. ಉಪ್ಪು ಹಾಕ್ಬೇಡಿ, ಇಡೀ ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ ಒಳಗೆ ಇರ್ಬೇಕು, ಉಪ್ಪಿನಕಾಯಿ ಹಪ್ಪಳಾನೂ ಆ ಲೆಕ್ಕದಲ್ಲೇ ಬರುತ್ತೆ. ಕೂತಾಗ ಕಾಲು ಸ್ಟೂಲ್ ಮೇಲೆ ಇಡಿಸಿ. ಒಂದೇ ಕಾಲು ಊದಿ ನೋವು ಬಂದ್ರೆ ಅಥವಾ ಮಲಗಿದಾಗ ಉಸಿರು ಕಟ್ಟಿದ್ರೆ ಸೋಮವಾರದವರೆಗೆ ಕಾಯ್ಬೇಡಿ, ಆಗಲೇ ಹೋಗಿ.